‘ಕನ್‌ಸೈನ್‌ಮೆಂಟ್’ ಅಂದ್ರೆ ಏನು? ತಿರುಪ್ಪೂರಿನಿಂದ ಮಾಲು ತರಿಸುವವರಿಗೆ ಒಂದು ಪದದ ಕಥೆ

ತಿರುಪ್ಪೂರು ರೈಲು ನಿಲ್ದಾಣದ ಹತ್ತಿರದ ಕಾದರ್‌ಪೇಟೆಯ ಹೆಸರು ಕೇಳದ ಬಟ್ಟೆ ವ್ಯಾಪಾರಿಗಳು ನಮ್ಮ ಕರಾವಳಿಯಲ್ಲಿ ಕಡಿಮೆ. ಬನಿಯನ್, ಟಿ-ಶರ್ಟ್, ಮಕ್ಕಳ ಉಡುಪು, ರಫ್ತಿನಲ್ಲಿ ಉಳಿದ ಮಾಲು, ಎಲ್ಲವೂ ಅಲ್ಲಿ ರಾಶಿ ರಾಶಿ. ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಇಚ್ಚ ಒಬ್ಬರು ಪೆರ್ನಾಲ್‌ಗೆ ಮೊದಲು ಆ ಕಡೆ ಹೋಗಿ ಸುಮಾರು 80 ಸಾವಿರ ರೂಪಾಯಿಯ ಮಾಲು ನೋಡಿ ಬಂದರು. ‘ಪಾಯ್, ನೀವು ಊರಿಗೆ ಹೋಗಿ, ನಾನು ಕನ್‌ಸೈನ್‌ಮೆಂಟ್ ಕಳಿಸ್ತೇನೆ’ ಅಂದರಂತೆ ಅಲ್ಲಿಯ ವ್ಯಾಪಾರಿ. ಮಾರಾಟ ಆದಷ್ಟಕ್ಕೆ ದುಡ್ಡು, ಉಳಿದದ್ದು ವಾಪಸ್ ಅಂತ ಇಚ್ಚ ತಿಳಿದುಕೊಂಡರು. ಲಾರಿಗೆ ಹಾಕಿ ಕಳಿಸ್ತೇನೆ ಎಂಬುದಷ್ಟೇ ಆ ವ್ಯಾಪಾರಿಯ ಮಾತಿನ ಅರ್ಥವಾಗಿತ್ತು. ಹಬ್ಬ ಮುಗಿಯಿತು, ಅರ್ಧ ಮಾಲು ಅಂಗಡಿಯಲ್ಲೇ ಉಳಿಯಿತು, ಫೋನಿನಲ್ಲಿ ಜಗಳ ಶುರುವಾಯಿತು.

ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡೂ ಅರ್ಥ ಇದೆ.

ಮೂಲ ಲ್ಯಾಟಿನ್. ‘ಕನ್‌ಸಿಗ್ನಾರೆ’ ಅಂದರೆ ಮುದ್ರೆ ಒತ್ತುವುದು. ನಾವು ದಿನಾ ಹೇಳುವ ‘ಸೈನ್’, ‘ಸಿಗ್ನೇಚರ್’ ಎಲ್ಲ ಅದೇ ಕುಟುಂಬದವು. ಗುರುತು ಹಾಕಿ ಇನ್ನೊಬ್ಬರ ಕೈಗೆ ಒಪ್ಪಿಸುವುದು ಎಂಬ ಅರ್ಥ ಮುಂದೆ ಬೆಳೆಯಿತು. ಒಪ್ಪಿಸಿದ ಸರಕು ಕನ್‌ಸೈನ್‌ಮೆಂಟ್, ಒಪ್ಪಿಸುವವ ಕನ್‌ಸೈನರ್, ಯಾರ ಹೆಸರಿಗೆ ಹೋಗುತ್ತದೋ ಅವ ಕನ್‌ಸೈನಿ. ಎಂಪ್ಲಾಯರ್–ಎಂಪ್ಲಾಯಿ ಇದ್ದ ಹಾಗೆ. ಗಲ್ಫ್‌ನಿಂದ ಮನೆಗೆ ಕಾರ್ಗೋ ಹಾಕುವಾಗ ಫಾರ್ಮ್‌ನಲ್ಲಿ ‘ಕನ್‌ಸೈನಿ’ ಎಂಬ ಜಾಗದಲ್ಲಿ ತನ್ನದೇ ಹೆಸರು ಬರೆದು ಒದ್ದಾಡಿದವರು ಉಂಟು. ಅಲ್ಲಿ ಬರೆಯಬೇಕಾದ್ದು ಊರಿನಲ್ಲಿ ಪೆಟ್ಟಿಗೆ ಬಿಡಿಸಿಕೊಳ್ಳುವವರ ಹೆಸರು.

ಒಪ್ಪಿಸುವುದು ಅಂದಾಗ ನಮಗೆ ನೆನಪಾಗುವ ಪದ ಅಮಾನತ್. ಇನ್ನೊಬ್ಬರ ವಸ್ತು ನಮ್ಮ ಕೈಯಲ್ಲಿ, ಒಡೆತನ ಮಾತ್ರ ಅವರದ್ದೇ. ಕನ್‌ಸೈನ್‌ಮೆಂಟ್‌ನ ಎರಡನೇ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣುವುದಿಲ್ಲ. (ಕನ್ನಡದಲ್ಲಿ ಅದೇ ಅರಬಿ ಪದ ‘ಅಮಾನತು’ ಆಗಿ ಸರಕಾರಿ ನೌಕರರನ್ನು ಮನೆಗೆ ಕಳಿಸಿದ ಸುದ್ದಿಗೆ ಮೀಸಲಾಯಿತು. ಪದಗಳ ಹಣೆಬರಹವೇ ಹಾಗೆ.)

ಈಗ ವ್ಯಾಪಾರದ ವಿಷಯಕ್ಕೆ ಬರೋಣ. ಮೊದಲ ಅರ್ಥ ಬರೀ ಸಾಗಾಟದ್ದು. ‘ಕನ್‌ಸೈನ್‌ಮೆಂಟ್ ಬಂತಾ?’ ಅಂದರೆ ‘ಲೋಡ್ ಬಂತಾ?’ ಅಂದ ಹಾಗೆ. ಪೊಲೀಸರು ಹಿಡಿದ ಚಿನ್ನಕ್ಕೂ ಪತ್ರಿಕೆಯವರು ಇದೇ ಪದ ಬರೆಯುತ್ತಾರೆ. ಎರಡನೇ ಅರ್ಥದಲ್ಲಿ ಅದೊಂದು ಒಪ್ಪಂದ: ಮಾಲು ಕಳಿಸಿದವನದ್ದೇ, ನೀವು ಅವನ ಪರವಾಗಿ ಮಾರಿ ಕಮಿಷನ್ ಇಟ್ಟುಕೊಳ್ಳುತ್ತೀರಿ. ನಿಮ್ಮ ಅಜಾಗ್ರತೆ ಇಲ್ಲದೆ ಮಾಲು ಹಾಳಾದರೆ ಸಾಮಾನ್ಯವಾಗಿ ನಷ್ಟವೂ ಅವನಿಗೇ.

ಇವೆರಡರ ನಡುವೆ ಮೂರನೆಯದೊಂದು ಉಂಟು. ನಮ್ಮವರು ಹೆಚ್ಚಾಗಿ ಮಾಡುವುದು ಅದನ್ನೇ. ‘ಹೋಗದಿದ್ದರೆ ವಾಪಸ್’ ಅಂತ ಬಾಯಿಮಾತಿನಲ್ಲಿ ತರುವ ಮಾಲು. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಂ ಇದರ ಬಗ್ಗೆ ಹೇಳುತ್ತದೆ. ವಾಪಸಾತಿಗೆ ದಿನ ಗೊತ್ತು ಮಾಡಿದ್ದರೆ ಆ ದಿನದೊಳಗೆ, ಮಾಡದಿದ್ದರೆ ‘ಸಮಂಜಸ ಕಾಲ’ದೊಳಗೆ ಬೇಡ ಅಂತ ತಿಳಿಸಬೇಕು. ತಿಳಿಸದೆ ಸುಮ್ಮನೆ ಇಟ್ಟುಕೊಂಡರೆ ಮಾಲು ನಿಮ್ಮದಾಗುತ್ತದೆ, ದುಡ್ಡು ಕೊಡಲೇಬೇಕು. ಹಬ್ಬ ಕಳೆದು ಎರಡು ತಿಂಗಳ ಮೇಲೆ ‘ಇದು ಹೋಗಲಿಲ್ಲ ಅಣ್ಣಾ’ ಅಂದರೆ ಕಾನೂನು ನಿಮ್ಮ ಜೊತೆ ನಿಲ್ಲುವುದು ಕಷ್ಟ.

ಕಾಗದ ನೋಡಿದರೂ ಗೊತ್ತಾಗುತ್ತದೆ. ವಾಪಸಾತಿಯ ಷರತ್ತಿನ ಮೇಲೆ ಮಾಲು ಬಂದರೆ ಜೊತೆಗೆ ಡೆಲಿವರಿ ಚಲನ್ ಬರಬೇಕು. ಮಾರಾಟ ಖಚಿತವಾದಾಗ ಅಥವಾ ಮಾಲು ಹೊರಟ 6 ತಿಂಗಳೊಳಗೆ, ಯಾವುದು ಮೊದಲೋ ಆಗ, ಇನ್‌ವಾಯ್ಸ್ ಹಾಕಬೇಕು ಅಂತ ಜಿಎಸ್‌ಟಿ ಕಾಯ್ದೆ ಹೇಳುತ್ತದೆ. ನಮ್ಮ ಇಚ್ಚನಿಗೆ ಮೊದಲ ದಿನವೇ ಬಂದದ್ದು ಟ್ಯಾಕ್ಸ್ ಇನ್‌ವಾಯ್ಸ್. ಅದನ್ನು ಓದದೆ ಡ್ರಾಯರ್‌ಗೆ ಹಾಕಿಟ್ಟಿದ್ದರು. ಕಾಗದದ ಪ್ರಕಾರ ಅದು ಪಕ್ಕಾ ಮಾರಾಟ.

ಇನ್ನು ದಾರಿಯ ಮಾತು. ಮಾಲು ಪಾಲಕ್ಕಾಡ್, ಕಲ್ಲಿಕೋಟೆ, ಕಾಸರಗೋಡು ದಾಟಿ ಮಂಗಳೂರಿಗೆ ಬರುವಷ್ಟರಲ್ಲಿ ಮಳೆಗೆ ಒದ್ದೆಯಾದರೆ ಯಾರ ತಲೆಗೆ? ಮಾರಾಟದ ಮಾಲನ್ನು ನಿಮಗೆ ತಲುಪಿಸಲು ಅಂತ ಸಾಗಾಟದವರ ಕೈಗೆ ಕೊಟ್ಟರೆ, ಬೇರೆ ಕರಾರು ಇಲ್ಲದಿದ್ದಾಗ, ಮೇಲ್ನೋಟಕ್ಕೆ ಅದು ನಿಮ್ಮ ಕೈಗೇ ಕೊಟ್ಟಂತೆ ಎನ್ನುತ್ತದೆ ಅದೇ 1930ರ ಕಾಯ್ದೆ. ಅಂದರೆ ಲಾರಿ ತಿರುಪ್ಪೂರು ಬಿಡುವಾಗಲೇ ಚಿಂತೆ ನಿಮ್ಮದು.

ಲಾರಿಯವರಿಂದ ವಸೂಲು ಮಾಡಬಹುದಲ್ಲಾ ಅಂತ ಕೇಳಬಹುದು. ಮಾಡಬಹುದು, ಆದರೆ ಎಷ್ಟು? 2007ರ ರಸ್ತೆ ಸಾಗಾಟ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ, ಕಳಿಸುವವರು ಹೆಚ್ಚಿನ ‘ರಿಸ್ಕ್ ರೇಟ್’ ಕೊಡಲು ಒಪ್ಪಿರದಿದ್ದರೆ ಸಾಗಾಟದವರ ಹೊಣೆ ಬಾಡಿಗೆಯ 10 ಪಟ್ಟಿಗೆ ಸೀಮಿತ. ಬಾಡಿಗೆ 700 ರೂಪಾಯಿ ಆದರೆ 7,000. ಮಾಲು 80 ಸಾವಿರದ್ದು! ಇದು ಗೊತ್ತಿದ್ದರೆ ಇನ್ಶೂರೆನ್ಸ್‌ಗೆ ನಾಲ್ಕು ಕಾಸು ಖರ್ಚು ಮಾಡಲು ಯಾರೂ ಹಿಂದೆ ಮುಂದೆ ನೋಡಲಿಕ್ಕಿಲ್ಲ. ಕೇಸು ಹಾಕುವುದಿದ್ದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಾಟದವರಿಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಲೆಕ್ಕ ಶುರುವಾಗುವುದು ಮಾಲು ನಿಮಗೆ ತಲುಪಿದ ದಿನದಿಂದ ಅಲ್ಲ, ಗಮನಿಸಿ. ಫೋನಿನಲ್ಲಿ ಬೈದದ್ದು ನೋಟಿಸ್ ಆಗುವುದಿಲ್ಲ. ರೈಲಿನಲ್ಲಿ ಹಾಕಿದ ಪಾರ್ಸೆಲ್‌ಗೆ ಬೇರೆ ಕಾಯ್ದೆ; ಅಲ್ಲಿ ಒಪ್ಪಿಸಿದ ದಿನದಿಂದ 6 ತಿಂಗಳು.

ಇ-ವೇ ಬಿಲ್‌ನಲ್ಲೂ ಇದೇ ಪದ ಬರುತ್ತದೆ. ‘ಕನ್‌ಸೈನ್‌ಮೆಂಟ್ ಮೌಲ್ಯ’ 50 ಸಾವಿರ ದಾಟಿದರೆ ಅಂತರರಾಜ್ಯ ಸಾಗಾಟಕ್ಕೆ ಇ-ವೇ ಬಿಲ್ ಬೇಕು. ಆ ಮೌಲ್ಯದಲ್ಲಿ ತೆರಿಗೆಯೂ ಸೇರುತ್ತದೆ. 49 ಸಾವಿರದ ಮಾಲು ಅಂತ ಧೈರ್ಯದಲ್ಲಿ ಕಳಿಸಿ, ತೆರಿಗೆ ಸೇರಿ 51 ದಾಟಿ, ಚೆಕಿಂಗ್‌ನಲ್ಲಿ ಗಾಡಿ ನಿಂತರೆ ಹಬ್ಬದ ವ್ಯಾಪಾರ ಅಲ್ಲಿಗೆ ಮುಗಿಯಿತು.

ಬಳಕೆಯ ಬಗ್ಗೆ ಒಂದೆರಡು ಮಾತು. ಈ ಪದವನ್ನು ಎಣಿಸಬಹುದು: ಒಂದು ಕನ್‌ಸೈನ್‌ಮೆಂಟ್, ಎರಡು ಕನ್‌ಸೈನ್‌ಮೆಂಟ್. ಒಬ್ಬ ಕಳಿಸಿ ಒಬ್ಬನಿಗೆ ಒಮ್ಮೆಗೆ ಹೋಗುವುದು ಒಂದು, ಅದರಲ್ಲಿ ಹತ್ತು ಬಂಡಲ್ ಇದ್ದರೂ. ‘ಕಾರ್ಗೋ’ ಅಂದರೆ ಹಡಗಿನಲ್ಲೋ ವಿಮಾನದಲ್ಲೋ ಇರುವ ಸರಕು, ಅದರಲ್ಲಿ ನೂರು ಜನರ ಕನ್‌ಸೈನ್‌ಮೆಂಟ್ ಇರಬಹುದು.

ಇಚ್ಚನ ಜಗಳ ಕೊನೆಗೆ ಅರ್ಧಕ್ಕರ್ಧ ನಷ್ಟ ಹಂಚಿಕೊಂಡು ಮುಗಿಯಿತು. ಕೊಯಮತ್ತೂರು ಕಡೆಯ ಕನ್ನಡ ಮಾತಾಡುವ ದೇವಾಂಗ ವ್ಯಾಪಾರಿಯೊಬ್ಬರು ನಡುವೆ ನಿಂತು ಇಬ್ಬರಿಗೂ ಅವರವರ ಭಾಷೆಯಲ್ಲಿ ತಿಳಿ ಹೇಳಿದ್ದರಿಂದ ಅಷ್ಟಾದರೂ ಆಯಿತು. ಈಗ ಇಚ್ಚ ಮಾಲು ಹೇಳಿದ ಕೂಡಲೇ ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಹಾಕುತ್ತಾರೆ: ‘ಇಂತಿಷ್ಟು ಪೀಸ್, ಉಳಿದದ್ದು ಇಂಥ ತಾರೀಕಿನೊಳಗೆ ವಾಪಸ್, ವಾಪಸ್ ಬಾಡಿಗೆ ಇಂಥವರದ್ದು, ದಾರಿಯ ನಷ್ಟ ಇಂಥವರದ್ದು. ಒಪ್ಪಿಗೆಯಾ?’ ಆ ಕಡೆಯಿಂದ ‘ಸರಿ ಪಾಯ್’ ಅಂತ ಬಂದ ಮೇಲೆಯೇ ಅಡ್ವಾನ್ಸ್ ಕಳಿಸುವುದು.