ಹಸುಗೂಸಿನ ಹಸಿರು ವಾಂತಿ: ಕಾಯುವ ಸಮಯವಲ್ಲ

ಎದೆಹಾಲು ಕುಡಿದ ಹಸುಗೂಸು ಕಟವಾಯಿಯಿಂದ ತುಸು ಹಾಲು ಕಕ್ಕುವುದು ಸಹಜ. ಮಗು ಚಟುವಟಿಕೆಯಿಂದಿದ್ದು ತೂಕ ಹೆಚ್ಚುತ್ತಿದ್ದರೆ ಚಿಂತಿಸಬೇಕಾಗಿಲ್ಲ. ಆದರೆ ಕಕ್ಕಿದ್ದು ಹಸಿರಾಗಿದ್ದರೆ ತಾಯಂದಿರು ಕೂಡಲೇ ಎಚ್ಚೆತ್ತುಕೊಳ್ಳಬೇಕು. ಹಸಿರು ಪಿತ್ತರಸದ ಬಣ್ಣ. ಪಿತ್ತವು ಜಠರದ ಆಚೆ ನೇರವಾಗಿ ಸಣ್ಣಕರುಳನ್ನು ಸೇರುತ್ತದೆ. ಅದು ಕೆಳಗಿಳಿಯದೆ ಬಾಯಿಗೆ ಬಂದರೆ ಕರುಳಿನ ದಾರಿ ಮುಚ್ಚಿರಬಹುದೆಂದು ಶಂಕಿಸಬೇಕು.

ಕೆಲವು ಶಿಶುಗಳಲ್ಲಿ ಗರ್ಭದಲ್ಲಿರುವಾಗಲೇ ಕರುಳಿನ ಒಂದು ಭಾಗ ಮುಚ್ಚಿಹೋಗಿರುತ್ತದೆ. ಇನ್ನು ಕೆಲವರಲ್ಲಿ ಕರುಳು ತನ್ನ ನೆಲೆಗೆ ಸರಿಯಾಗಿ ಹೊರಳದೆ ಉಳಿದು, ಜನನಾನಂತರ ಬುಡದಲ್ಲಿಯೇ ತಿರುಚಿಕೊಳ್ಳುತ್ತದೆ. ಆಗ ರಕ್ತಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಕರುಳು ನಿರ್ಜೀವವಾಗಬಲ್ಲದು. ಆರಂಭದಲ್ಲಿ ಹೊಟ್ಟೆ ಉಬ್ಬದಿರಬಹುದು, ಮಲವಿಸರ್ಜನೆಯೂ ಆಗಿರಬಹುದು. ಅದನ್ನು ಕಂಡು ಸಮಾಧಾನಪಡುವಂತಿಲ್ಲ. ಹುಟ್ಟಿದ 24 ಗಂಟೆಗಳಾದರೂ ಮಗು ಕಪ್ಪುಹಸಿರಿನ ಮೊದಲ ಮಲವನ್ನು ವಿಸರ್ಜಿಸದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ನನ್ನ ವೃತ್ತಿಯ ಆರಂಭದ ವರ್ಷಗಳಲ್ಲಿ ನಾಲ್ಕು ದಿನದ ಕೂಸೊಂದನ್ನು ಕರೆತಂದಿದ್ದರು. ದೃಷ್ಟಿಯಾಗಿದೆಯೆಂದು ಅಜ್ಜಿ ನಿವಾಳಿಸಿ, ಬಜೆ ತೇಯ್ದು ನೆಕ್ಕಿಸಿ, ಹರಳೆಣ್ಣೆಯನ್ನೂ ಕುಡಿಸಿದ್ದರು. ನಾನೂ ಸಂಜೆಯವರೆಗೆ ನೋಡೋಣವೆಂದೆ. ರಾತ್ರಿ ದೊಡ್ಡಾಸ್ಪತ್ರೆಯನ್ನು ತಲುಪುವಷ್ಟರಲ್ಲಿ ಕರುಳಿನ ಬಹುಭಾಗ ಸತ್ತಿತ್ತು. ಮಗು ಉಳಿಯಲಿಲ್ಲ. ಆ ಅಜ್ಜಿಯನ್ನು ನಾನೆಂದೂ ದೂಷಿಸಲಾರೆ, ತಿಳಿದಿರಬೇಕಾದವನು ನಾನು. ಅಂದಿನಿಂದ ಇಂತಹ ಮಗುವನ್ನು ಒಂದು ಗಳಿಗೆಯೂ ನನ್ನಲ್ಲಿ ನಿಲ್ಲಿಸಿಕೊಂಡಿಲ್ಲ.

ಆಯುರ್ವೇದ ವೈದ್ಯರೇ ಶಸ್ತ್ರಚಿಕಿತ್ಸೆಗೆ ಕಳುಹಿಸುವುದೇ ಎಂದು ಕೆಲವರು ಕೇಳುತ್ತಾರೆ. ಕರುಳಿನ ದಾರಿ ಕಟ್ಟಿಕೊಳ್ಳುವ ವ್ಯಾಧಿಯನ್ನು ಆಚಾರ್ಯ ಸುಶ್ರುತರು 'ಬದ್ಧಗುದೋದರ'ವೆಂದು ಕರೆದು, ಉದರವನ್ನು ಛೇದಿಸಿ ಅಡ್ಡಿಯನ್ನು ನಿವಾರಿಸುವ ಕ್ರಮವನ್ನು ಹೇಳಿದ್ದಾರೆ. ಮುಚ್ಚಿದ ಅಥವಾ ತಿರುಚಿದ ಕರುಳನ್ನು ಯಾವ ಕಷಾಯವೂ, ಗುಳಿಗೆಯೂ ಬಿಡಿಸಲಾರದು.

ಆದ್ದರಿಂದ ಹಸಿರು ವಾಂತಿ ಒಂದೇ ಬಾರಿ ಆದರೂ ಬಜೆ, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದನ್ನೂ ಕೊಡಬೇಡಿ. ವೈದ್ಯರು ನೋಡುವವರೆಗೆ ಹಾಲನ್ನೂ ಕುಡಿಸಬೇಡಿ. ಮಗುವನ್ನು ಬೆಚ್ಚಗೆ ಹೊದಿಸಿಕೊಂಡು, ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಒಡನೆಯೇ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ವಾಂತಿಯಾದ ಬಟ್ಟೆಯನ್ನು ತೊಳೆಯದೆ ಒಯ್ದು ತೋರಿಸಿದರೆ ವೈದ್ಯರಿಗೆ ಬಣ್ಣ ತಿಳಿಯುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ ಚಿಕಿತ್ಸೆಯಿದೆ. ಖರ್ಚಿಗೆ ಅಂಜಿ ತಡಮಾಡಬಾರದು.

ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದ ಬಹುತೇಕ ಮಕ್ಕಳು ಎಲ್ಲರಂತೆ ಉಂಡು, ಆಡಿ ಬೆಳೆಯುತ್ತಾರೆ. ಮನೆಯಲ್ಲಿ ಬಾಣಂತಿಯಿದ್ದರೆ ಈ ಮಾತನ್ನು ಹಿರಿಯರಿಗೆ ಇಂದೇ ತಿಳಿಸಿರಿ.