ಬೀಸುಕಲ್ಲನ್ನೂ ಬಿಡಲಿಲ್ಲ

ಹಲಗಲಿ ಬೇಡರ ಲಾವಣಿ ಹತ್ತನೇ ಇಯತ್ತೆಯ ಕನ್ನಡ ಪಠ್ಯದಲ್ಲಿ ಬಂದ ಮೇಲೆ ನಮ್ಮ ಭಾಗದ ಹುಡುಗರಿಗೆ ಜಡಗ, ಬಾಲ, ಹನುಮ, ರಾಮ ಎಂಬ ನಾಲ್ಕು ಹೆಸರು ಬಾಯಿಪಾಠವಾಗಿವೆ. ಪ್ರಶ್ನೆಪತ್ರಿಕೆಯಲ್ಲಿ ಕೇಳುವುದೂ ಅವನ್ನೇ. ಆದರೆ ದಂಡು ಊರನ್ನು ಲೂಟಿ ಮಾಡಿದ್ದನ್ನು ಹೇಳುವಾಗ ಲಾವಣಿಕಾರ ಒಂದು ಯಾದಿ ಕೊಡುತ್ತಾನೆ. ಅದನ್ನು ಹುಡುಗರು ಭರದಲ್ಲಿ ಓದಿ ಮುಂದೆ ಹೋಗುತ್ತಾರೆ. ಆ ಯಾದಿಯಲ್ಲಿ ಕೊಡಲಿ ಇದೆ, ಕುಡ ಇದೆ, ಹಾಲು ಮೊಸರು ಇದೆ, ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆ, ಬೆಲ್ಲ ಇವೆ, ಮಂಗಳಸೂತ್ರ ಇದೆ, ಬೀಸುವ ಕಲ್ಲೂ ಇದೆ. ಕುದುರೆಯ ಮೇಲೆ ಬಂದ ಸಿಪಾಯಿಗೆ ಬಡವರ ಮನೆಯ ಬೀಸುಕಲ್ಲು ಯಾತಕ್ಕೆ ಬೇಕು? ಜೋಳ ಬೀಸದಿದ್ದರೆ ರೊಟ್ಟಿ ಇಲ್ಲ. ಊರನ್ನು ಸುಟ್ಟಾದ ಮೇಲೂ ಬದುಕಿ ಉಳಿದವರು ಮತ್ತೆ ಒಲೆ ಹೊತ್ತಿಸಬಾರದು ಎಂಬುದೇ ಉದ್ದೇಶವಾಗಿದ್ದರೆ ಮಾತ್ರ ಅದಕ್ಕೊಂದು ಅರ್ಥ ಬರುತ್ತದೆ.

ಘಟನೆ ನಡೆದದ್ದು 1857ರ ನವೆಂಬರ್ ಕೊನೆಯಲ್ಲಿ. ಹತಾರಗಳನ್ನೆಲ್ಲ ಒಪ್ಪಿಸಬೇಕೆಂಬ ಕಂಪನಿ ಸರಕಾರದ ಹುಕುಂ ಮುಧೋಳ ಸಂಸ್ಥಾನದ ಈ ಹಳ್ಳಿಗೂ ಬಂತು. ಬೇಟೆಯೇ ಬದುಕಾಗಿದ್ದ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರು ಸುಮಾರು 290 ಜನ. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಿದರು. ಮುಧೋಳದಲ್ಲಿ ಗಲ್ಲಿಗೆ ಆರಿಸಿಕೊಂಡದ್ದು ಸಂತೆಯ ದಿನವನ್ನು, ನಾಲ್ಕು ಊರಿನ ಜನ ನೋಡಲಿ ಎಂದು.

ಈ ಅಂಕಿಗಳು ಸರಕಾರಿ ದಾಖಲೆಯವು, ಬೀಸುಕಲ್ಲು ಲಾವಣಿಯದು. ಲಾವಣಿಯನ್ನು ಬರೆದಿಟ್ಟು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಚ್ಚು ಹಾಕಿಸಿದವನು ಜಾನ್ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಎಂಬುದು ಇನ್ನೊಂದು ವಿಚಿತ್ರ. ವಿಜ್ಞಾನ ಕಲಿಸುವವನಾದ ನನಗೆ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ರೂಢಿ. ಒಂದೇ ವಸ್ತುವನ್ನು ಎರಡು ಬೇರೆ ಮಾಪಕಗಳಿಂದ ಅಳೆದ ಹಾಗೆ ಅದು. ಗಲ್ಲಿಗೇರಿಸಿದವರನ್ನು ಅಧಿಕಾರಿ ಎಣಿಸುತ್ತಾನೆ, ಕಳೆದುಹೋದ ಪಾತ್ರೆಪಗಡವನ್ನು ಹಾಡುವವ ಎಣಿಸುತ್ತಾನೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮಕ್ಕಳಿಗೆ ಯುದ್ಧಕಾಲದ ಆತ್ಮಕಥೆಗಳನ್ನೂ ಸರ್ವಾಧಿಕಾರದ ಕ್ರೌರ್ಯದ ಚರಿತ್ರೆಯನ್ನೂ ಓದಲು ಕೊಡಬೇಕೇ ಎಂಬ ಪ್ರಶ್ನೆಯನ್ನು ಪಾಲಕರು ಆಗಾಗ ಎತ್ತುತ್ತಾರೆ. ಕೆಲವು ವರ್ಷಗಳ ಹಿಂದೆ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳಿಗೆ ಆ್ಯನ್ ಫ್ರಾಂಕ್‌ಳ ದಿನಚರಿಯನ್ನು ಓದಲು ಕೊಟ್ಟಿದ್ದೆ. ಎಂಟು ದಿನಕ್ಕೆ ಅವಳ ತಂದೆ ಬಂದರು. ಬನಹಟ್ಟಿಯ ನೇಕಾರರು, ಮಗ್ಗ ನಿಲ್ಲಿಸಿ ಬಂದಿದ್ದರು.

“ಸರ, ಹುಡುಗಿ ರಾತ್ರಿ ನಿದ್ದಿ ಮಾಡವಲ್ಳು. ಇಂಥಾ ಪುಸ್ತಕ ಯಾಕ ಕೊಟ್ರಿ? ಪರೀಕ್ಷಾದಾಗ ಇದರ ಮ್ಯಾಲ ಪ್ರಶ್ನೆ ಬರತಾವೇನು?”

“ಇಲ್ರೀ ಅಣ್ಣಾರ, ಬರೂದಿಲ್ಲ. ನೀವೂ ಒಂದ್ಸಲ ಓದ್ರಿ, ಆಮ್ಯಾಲ ಮಾತಾಡೂಣು.”

ಅವರ ಆಕ್ಷೇಪ ಹುರುಳಿಲ್ಲದ್ದೇನಲ್ಲ. ಆದರೆ ಹುಡುಗಿಯ ನಿದ್ದೆ ಕೆಡಿಸಿದ್ದು ದಿನಚರಿಯೊಳಗಿನ ಮಾತಾಗಿರಲಿಲ್ಲ. 1942ರ ಜೂನ್‌ನಿಂದ 1944ರ ಆಗಸ್ಟ್ 1ರವರೆಗೆ ಆ್ಯನ್ ಬರೆದದ್ದರಲ್ಲಿ ಅಮ್ಮನ ಮೇಲಿನ ಸಿಟ್ಟು, ಊಟದ ಜಗಳ, ಓದು, ಪ್ರೀತಿ ಇವೇ ಹೆಚ್ಚು. ಆಗಸ್ಟ್ 4ರಂದು ಅಡಗಿದ್ದವರೆಲ್ಲ ಸಿಕ್ಕಿಬಿದ್ದರು. 1945ರ ಆರಂಭದಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಆ್ಯನ್ ತೀರಿಕೊಂಡಳು. ಎಂಟು ಮಂದಿಯಲ್ಲಿ ಬದುಕಿ ಬಂದವರು ಅವಳ ತಂದೆಯೊಬ್ಬರೇ. ದಿನಚರಿ ಒಮ್ಮೆಲೇ ನಿಂತು ಉಳಿದ ಹಾಳೆ ಖಾಲಿಯಾಗಿರುವುದನ್ನು ನೋಡಿ ಹುಡುಗಿ ಬೆಚ್ಚಿದ್ದಳು.

ತಂದೆ ಪುಸ್ತಕ ಒಯ್ದರು. ಮುಂದೆ ಸಿಕ್ಕಾಗ ನಿದ್ದೆಯ ವಿಷಯ ಎತ್ತಲಿಲ್ಲ. “ಸರ, ಇದನ್ನೆಲ್ಲಾ ಮಾಡಿದವರು ಸಾಲಿ ಕಲತವರೇನ್ರಿ?” ಎಂದು ಕೇಳಿದರು. ಹೌದೆಂದೆ. ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಇಲಾಖೆಗಳ ನಡುವೆ ಹೊಂದಿಸಲು 1942ರ ಜನವರಿ 20ರಂದು ಬರ್ಲಿನ್‌ನ ವಾನ್‌ಸೀಯಲ್ಲಿ ಸೇರಿದ 15 ಅಧಿಕಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಡಾಕ್ಟರೇಟ್ ಪಡೆದವರು.

ಆ ಪ್ರಶ್ನೆ ನನ್ನ ವಿಷಯವನ್ನೇ ಮುಟ್ಟುವಂಥದು. ರಸಾಯನಶಾಸ್ತ್ರದಲ್ಲಿ ಅಮೋನಿಯಾ ತಯಾರಿಕೆಯ ಹೇಬರ್ ವಿಧಾನವನ್ನು ಕಲಿಸುತ್ತೇವೆ. ಗಾಳಿಯ ನೈಟ್ರೋಜನ್ನಿಗೆ ಹೈಡ್ರೋಜನ್ ಕೂಡಿಸುವ ಈ ಕ್ರಿಯೆ ಇಲ್ಲದಿದ್ದರೆ ಮುಧೋಳ-ಜಮಖಂಡಿಯ ಕಬ್ಬಿನ ಹೊಲಗಳಿಗೆ ಯೂರಿಯಾ ಚೀಲ ಬರುತ್ತಿರಲಿಲ್ಲ. ಇದಕ್ಕಾಗಿ ಫ್ರಿಟ್ಸ್ ಹೇಬರ್‌ಗೆ 1918ರ ನೊಬೆಲ್ ಬಂತು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಕ್ಲೋರಿನ್ ಅನಿಲ ಬಿಡುವ ಕೆಲಸದ ಮೇಲ್ವಿಚಾರಣೆ ಮಾಡಿದವನೂ ಈತನೇ. ಅವನ ಸಂಸ್ಥೆಯಲ್ಲಿ ಕೀಟನಾಶಕವಾಗಿ ರೂಪುಗೊಂಡ ಜೈಕ್ಲಾನ್ ಮುಂದೆ ಆಶ್ವಿಟ್ಜ್‌ನ ಅನಿಲಕೋಣೆಗಳಲ್ಲಿ ಬಳಕೆಯಾಯಿತು. ಅದನ್ನು ನೋಡಲು ಹೇಬರ್ ಇರಲಿಲ್ಲ. ಯಹೂದಿ ಕುಲದಲ್ಲಿ ಹುಟ್ಟಿದ ಅವನು 1933ರಲ್ಲಿ ಜರ್ಮನಿ ಬಿಡಬೇಕಾಯಿತು, ಮರುವರ್ಷ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸತ್ತ. ಅವನ ಬಂಧುಗಳಲ್ಲೇ ಕೆಲವರು ಶಿಬಿರಗಳಲ್ಲಿ ಕೊನೆಯಾದರು. ಪಠ್ಯಪುಸ್ತಕದಲ್ಲಿ ಇರುವುದು ಸಮೀಕರಣ, ಉಷ್ಣತೆ, ಒತ್ತಡ, ಕ್ರಿಯಾವರ್ಧಕ ಇಷ್ಟೇ. ಉಳಿದದ್ದನ್ನು ನಾನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತೇನೆ. ಇಡೀ ವರ್ಷದಲ್ಲಿ ತರಗತಿ ಅಷ್ಟು ಶಾಂತವಾಗಿರುವುದು ಆ ಹತ್ತು ನಿಮಿಷ ಮಾತ್ರ.

ಇಟಲಿಯ ಪ್ರಿಮೊ ಲೆವಿ ಕೂಡ ರಸಾಯನಶಾಸ್ತ್ರಜ್ಞ. 1943ರ ಡಿಸೆಂಬರ್‌ನಲ್ಲಿ ಸೆರೆಸಿಕ್ಕು 1944ರ ಫೆಬ್ರುವರಿಯಲ್ಲಿ ಆಶ್ವಿಟ್ಜ್ ಸೇರಿದ. ಅಲ್ಲಿನ ಕೃತಕ ರಬ್ಬರ್ ಕಾರ್ಖಾನೆಯಲ್ಲಿ ಕೈದಿಗಳಿಂದ ಕೂಲಿ ಮಾಡಿಸುತ್ತಿದ್ದರು. ಚಿಂದಿ ಉಟ್ಟು, ಹಸಿದ ಹೊಟ್ಟೆಯಲ್ಲಿ, ಜರ್ಮನ್ ಅಧಿಕಾರಿಯ ಮುಂದೆ ನಿಂತು ರಸಾಯನಶಾಸ್ತ್ರದ ಮೌಖಿಕ ಪರೀಕ್ಷೆ ಕೊಟ್ಟ ಮೇಲೆ ಅವನಿಗೆ ಪ್ರಯೋಗಾಲಯದ ಕೆಲಸ ಸಿಕ್ಕಿತು. ಕೊನೆಯ ಚಳಿಗಾಲವನ್ನು ಅವನು ದಾಟಿದ್ದರಲ್ಲಿ ಆ ಬೆಚ್ಚಗಿನ ಕೋಣೆಯ ಪಾಲೂ ಇದೆ. ಪರೀಕ್ಷೆ ಎಂದರೆ ಅಂಕಪಟ್ಟಿ ಎಂದಷ್ಟೇ ತಿಳಿದ ನಮ್ಮ ಮಕ್ಕಳು ಆ ಒಂದು ಅಧ್ಯಾಯವನ್ನಾದರೂ ಓದಬೇಕು. ಬಿಡುಗಡೆಯ ನಂತರ ಅವನು ಬರೆದ ಪುಸ್ತಕವನ್ನು ದೊಡ್ಡ ಪ್ರಕಾಶಕರು ಮೊದಲು ತಿರಸ್ಕರಿಸಿದರು. 1947ರಲ್ಲಿ ಸಣ್ಣ ಪ್ರಕಾಶಕರೊಬ್ಬರು 2,500 ಪ್ರತಿ ಹಾಕಿದರು. ಅದರಲ್ಲಿ ಆಕ್ರೋಶದ ಮಾತು ಬಹಳ ಕಡಿಮೆ. ಕಾರ್ಖಾನೆಯ ವಾರದ ವರದಿಯೇ ತನ್ನ ಶೈಲಿಗೆ ಮಾದರಿ ಎಂದು ಲೆವಿ ಹೇಳಿಕೊಂಡಿದ್ದಾನೆ.

ಅವನು ಕೊನೆಗಾಲದಲ್ಲಿ ಚಮಚದ ಬಗ್ಗೆ ಬರೆದ. ಶಿಬಿರಕ್ಕೆ ಹೊಸದಾಗಿ ಬಂದವರಿಗೆ ಚಮಚ ಕೊಡುತ್ತಿರಲಿಲ್ಲ. ಅಂಬಲಿಯನ್ನು ನಾಯಿಯ ಹಾಗೆ ನೆಕ್ಕಬೇಕು, ಇಲ್ಲವೆ ತಮ್ಮ ಪಾಲಿನ ರೊಟ್ಟಿ ಕೊಟ್ಟು ಚಮಚ ಕೊಳ್ಳಬೇಕು. ಬಿಡುಗಡೆಯಾದ ಮೇಲೆ ಉಗ್ರಾಣ ನೋಡಿದರೆ ಸಾವಿರಾರು ಹೊಸ ಚಮಚಗಳು ಅಲ್ಲೇ ಬಿದ್ದಿದ್ದವು. ಕೊರತೆಯಿಂದ ಆದದ್ದಾಗಿರಲಿಲ್ಲ ಅದು. ಇದನ್ನು ಓದಿದಾಗ ನನಗೆ ಹಲಗಲಿಯ ಬೀಸುಕಲ್ಲು ನೆನಪಾಯಿತು.

ಹಾಗೆಂದು 1857ರ ಕಂಪನಿ ಸರಕಾರವೂ ಹಿಟ್ಲರನ ಆಡಳಿತವೂ ಒಂದೇ ಎಂದು ಮಕ್ಕಳಿಗೆ ಹೇಳಿಕೊಡಬಾರದು. ಉದ್ದೇಶ ಬೇರೆ, ಪ್ರಮಾಣ ಬೇರೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಓದು ಭಾಷಣದ ಸರಕಾಗುತ್ತದೆ.

ಓದಿನಲ್ಲಿ ಇನ್ನೊಂದು ಎಚ್ಚರ ಬೇಕು, ನಮಗೆ ಪುಸ್ತಕ ಎಲ್ಲಿಂದ ಬರುತ್ತದೆ ಎಂಬುದು. ನನ್ನ ವಯಸ್ಸಿನ ವಿಜ್ಞಾನ ಶಿಕ್ಷಕರಲ್ಲಿ ಅನೇಕರು ಮಾಸ್ಕೋದ ಮೀರ್ ಪ್ರಕಾಶನದ ಅಗ್ಗದ ಪುಸ್ತಕಗಳನ್ನು ಓದಿಯೇ ಬೆಳೆದವರು. ಭೌತಶಾಸ್ತ್ರವನ್ನು ಆಟದಂತೆ ಕಲಿಸಿದ ಯಾಕೋವ್ ಪೆರೆಲ್ಮನ್ನನ ಋಣ ನಮ್ಮ ಮೇಲಿದೆ. ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು ಮುತ್ತಿದ್ದಾಗ, 1942ರ ಮಾರ್ಚ್‌ನಲ್ಲಿ ಆತ ಹಸಿವಿನಿಂದ ಸತ್ತ. ಅದೇ ಮುತ್ತಿಗೆಯಲ್ಲಿ ಅಲ್ಲಿನ ಸಸ್ಯವಿಜ್ಞಾನ ಸಂಸ್ಥೆಯ ಕೆಲವು ಸಿಬ್ಬಂದಿ, ಸುತ್ತಲೂ ಭತ್ತ, ಕಾಳುಗಳ ಬೀಜಸಂಗ್ರಹವಿದ್ದರೂ ಮುಟ್ಟದೆ ಉಪವಾಸ ಸತ್ತರು. ಆ ಸಂಗ್ರಹ ಕಟ್ಟಿದ ನಿಕೊಲಾಯ್ ವಾವಿಲೋವ್ ಆಗ ಎಲ್ಲಿದ್ದ? ಸ್ಟಾಲಿನ್ನನ ಜೈಲಿನಲ್ಲಿ. ತಳಿವಿಜ್ಞಾನವನ್ನೇ ಸುಳ್ಳೆಂದ ಲೈಸೆಂಕೋನನ್ನು ವಿರೋಧಿಸಿದ್ದ ಅವನನ್ನು 1940ರ ಆಗಸ್ಟ್‌ನಲ್ಲಿ ಹಿಡಿದಿದ್ದರು. ಜಗತ್ತಿನ ಹಸಿವು ನೀಗಲೆಂದು ಬೀಜ ಕೂಡಿಸಿದವನು 1943ರ ಜನವರಿಯಲ್ಲಿ ಸರಾತೊವ್ ಜೈಲಿನಲ್ಲಿ ಅನ್ನವಿಲ್ಲದೆ ಕೃಶವಾಗಿ ಸತ್ತ. ಅವನ ತಮ್ಮ, ಭೌತವಿಜ್ಞಾನಿ ಸರ್ಗೈ ವಾವಿಲೋವ್, 1945ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷನಾದ. ಅಣ್ಣನನ್ನು ಕೊಂದ ಸರಕಾರದ ಕೆಳಗೆ ಆ ಕುರ್ಚಿಯಲ್ಲಿ ಆತ ಹೇಗೆ ಕುಳಿತನೋ! ನಾಜಿಗಳ ಕ್ರೌರ್ಯವನ್ನು ವಿವರವಾಗಿ ಹೇಳಿದ ಆ ಅಗ್ಗದ ಪುಸ್ತಕಗಳಲ್ಲಿ ಸರಾತೊವ್ ಜೈಲಿನ ಸುದ್ದಿ ನನಗೆ ಸಿಗಲಿಲ್ಲ.

ದೂರದ ದೇಶದ್ದಾಯಿತು, ನಮ್ಮಲ್ಲಿ ಇಂಥದೇನಿದೆ ಎನ್ನುವವರು ಸ್ನೇಹಲತಾ ರೆಡ್ಡಿಯವರ ಜೈಲು ದಿನಚರಿ ನೋಡಬೇಕು. ‘ಸಂಸ್ಕಾರ’ ಚಲನಚಿತ್ರದ ಚಂದ್ರಿ ಎಂದರೆ ಪಾಲಕರಿಗೆ ನೆನಪಾದೀತು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕಾರಾಗೃಹದಲ್ಲಿಟ್ಟರು. ಅವರಿಗೆ ತೀವ್ರ ಉಬ್ಬಸ. 1977ರ ಜನವರಿ 15ರಂದು ಹೊರಗೆ ಬಿಟ್ಟರು, 20ರಂದು ತೀರಿಕೊಂಡರು. ದಿನಚರಿ ಅದೇ ವರ್ಷ ಅಚ್ಚಾಯಿತು. ಗಾತ್ರದಲ್ಲಿ ಚಿಕ್ಕದು, ಭಾಷೆ ಸರಳ. ಕಾಲೇಜು ಓದುವವರಿಗೆ ಇಂಗ್ಲಿಷ್ ತಡೆಯಾಗದು.

ಯಾವ ವಯಸ್ಸಿಗೆ ಯಾವುದು ಎಂದರೆ, ಎಂಟು-ಒಂಬತ್ತನೇ ಇಯತ್ತೆಗೆ ಆ್ಯನ್‌ಳ ದಿನಚರಿ ಸಾಕು. ಪಿಯುಸಿಯವರಿಗೆ ನೇಮಿಚಂದ್ರರ ‘ಯಾದ್ ವಶೇಮ್’ ಕಾದಂಬರಿ ಕನ್ನಡದಲ್ಲೇ ಇದೆ, ಬೆಂಗಳೂರಿಗೆ ಬಂದ ಜರ್ಮನ್ ಯಹೂದಿ ಹುಡುಗಿಯ ಕಥೆ. ಲೆವಿಯನ್ನು ಪದವಿಗೆ ಬಂದ ಮೇಲೆ ಓದಿದರೂ ತಡವಲ್ಲ. ಶಿಬಿರಗಳ ಛಾಯಾಚಿತ್ರಗಳನ್ನು ಚಿಕ್ಕವರ ಮುಂದೆ ಮೊದಲೇ ಹಿಡಿಯುವುದು ನನಗೆ ಸರಿಕಾಣದು. ಮೊದಲು ಒಬ್ಬ ಮನುಷ್ಯನ ಮಾತು ಕೇಳಲಿ. ಯಾವ ಪುಸ್ತಕವಾದರೂ ಮೂರು ಇಸವಿಗಳನ್ನು ಹುಡುಕಿ ಮೊದಲ ಪುಟದಲ್ಲಿ ಪೆನ್ಸಿಲ್ಲಿನಿಂದ ಬರೆದಿಡಲು ನಾನು ಹೇಳುತ್ತೇನೆ: ನಡೆದದ್ದು ಯಾವಾಗ, ಬರೆದದ್ದು ಯಾವಾಗ, ಅಚ್ಚಾದದ್ದು ಯಾವಾಗ. ನಡುವಿನ ಅಂತರ ಹೆಚ್ಚಿದ್ದರೆ ಏಕೆಂದು ಕೇಳಬೇಕು. ಹಲಗಲಿಯ ಲಾವಣಿಗೆ ಎರಡನೆಯ ಇಸವಿ ಬರೆಯಲು ಹೋದ ಹುಡುಗನೊಬ್ಬ ಆ ಜಾಗ ಖಾಲಿ ಬಿಟ್ಟು, “ಇದನ್ನ ಬರದಿಲ್ರೀ ಸರ, ಹಾಡ್ಯಾರ” ಎಂದಿದ್ದ. ಅವನಿಗೆ ಪೂರ್ಣ ಅಂಕ ಕೊಟ್ಟೆ.