ಅರಸರ ಬೇಸಿಗೆ ಬಂಗಲೆ, ಈಗ ನಮ್ಮ ರೂಮು!

[ದೃಶ್ಯ: ಮಂಜು ಸರಿಯುತ್ತಾ ಕಾಣುವ ಬೆಟ್ಟ]
ಮೈಸೂರು ಮಹಾರಾಜರು ಬೇಸಿಗೆ ಕಳೆಯಲು ಬರುತ್ತಿದ್ದ ಜಾಗದಲ್ಲಿ ನೀವೂ ಒಂದು ರಾತ್ರಿ ಉಳಿಯಬಹುದು. ಎಲ್ಲಿ ಗೊತ್ತಾ? ತರೀಕೆರೆ ಹತ್ತಿರದ ಕೆಮ್ಮಣ್ಣುಗುಂಡಿಯಲ್ಲಿ!

[ದೃಶ್ಯ: ನಾಲೆ, ಅಡಿಕೆ ತೋಟ, ಘಾಟಿ ರಸ್ತೆ]
ಕೆಳಗೆ ಬಯಲಲ್ಲಿ ಭದ್ರಾ ಬಲದಂಡೆ ನಾಲೆ, ಸಾಲು ಸಾಲು ಅಡಿಕೆ ತೋಟ. ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಘಾಟಿ ಹತ್ತಿದರೆ 1,434 ಮೀಟರ್ ಎತ್ತರ. ಕೆಳಗೆ ಬೆವರು ಒರೆಸಿಕೊಂಡವರು ಮೇಲೆ ಸ್ವೆಟರ್ ಹುಡುಕುತ್ತಾರೆ.

[ದೃಶ್ಯ: ರಾಜಭವನ]
ಈ ತಂಪಿಗೆ ಮನಸೋತವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅವರ ಗೌರವಕ್ಕೇ ಇದು ಶ್ರೀ ಕೃಷ್ಣರಾಜೇಂದ್ರ ಗಿರಿಧಾಮ. ಬಿರೂರು–ಶಿವಮೊಗ್ಗ ರೈಲು 1899ರಲ್ಲೇ ಶುರುವಾಗಿದ್ದರಿಂದ ತರೀಕೆರೆವರೆಗಿನ ದಾರಿ ಆಗಲೇ ಸಲೀಸಾಗಿತ್ತು.

[ದೃಶ್ಯ: ಕೆಂಪು ಮಣ್ಣಿನ ಗುಡ್ಡ]
ಆದರೆ ಈ ಬೆಟ್ಟ ಬರೀ ವಿಶ್ರಾಂತಿಗಲ್ಲ, ದುಡಿಮೆಗೂ ಹೌದು. ಇದರ ಹೊಟ್ಟೆ ತುಂಬ ಕಬ್ಬಿಣದ ಅದಿರು! 1923ರಲ್ಲಿ ಭದ್ರಾವತಿ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಾಗ ಅದಿರು ಬಂದದ್ದು ಇಲ್ಲಿಂದ. ರೋಪ್‌ವೇ ತೊಟ್ಟಿಯಲ್ಲಿ ತೂಗಾಡುತ್ತಾ ತಣಿಗೇಬೈಲಿಗೆ ಇಳಿಯುತ್ತಿತ್ತು, ಅಲ್ಲಿಂದ ಟ್ರಾಮ್ ಹಳಿ ಹಿಡಿದು ಭದ್ರಾವತಿಗೆ. ಒಂದೇ ಬೆಟ್ಟ: ಇತ್ತ ಅರಸರ ಹೂದೋಟ, ಅತ್ತ ಕಾರ್ಮಿಕರ ಗಣಿ.

[ದೃಶ್ಯ: ಗುಲಾಬಿ ತೋಟ, ಅತಿಥಿಗೃಹ]
ಮುಂದೆ ಅರಮನೆಯವರು ಈ ಜಾಗವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಈಗ ತೋಟವೂ ಅತಿಥಿಗೃಹಗಳೂ ತೋಟಗಾರಿಕೆ ಇಲಾಖೆಯ ಸುಪರ್ದಿಯಲ್ಲಿವೆ. ಐಷಾರಾಮಿ ರೆಸಾರ್ಟ್ ಅಂದುಕೊಂಡು ಹೋಗಬೇಡಿ. ಸರ್ಕಾರಿ ರೂಮು, ಸರಳ ವ್ಯವಸ್ಥೆ. ಕಿಟಕಿ ತೆರೆದರೆ ಸಿಗುವ ನೋಟ ಮಾತ್ರ ಮಹಾರಾಜರು ನೋಡಿದ್ದೇ!

ಮೊದಲೇ ಬುಕ್ ಮಾಡಿ, ಹಗಲಲ್ಲೇ ಘಾಟಿ ಹತ್ತಿ. ಯಾರ ಜೊತೆ ಹೋಗ್ತೀರಾ? ಅವರಿಗೆ ಈ ರೀಲ್ ಕಳಿಸಿ.